ಬಿಚ್ಚದ ಕ್ಯಾಸೆಟ್ಟು, ಹಸಿದ ನೆಂಟರು

ಕೈಲಾಂಚದ ಕೃಷ್ಣಪ್ಪನ ತಿಥಿಗೆ ನೆಂಟರೆಲ್ಲ ಬಂದರು, ಕಾಗೆ ಮಾತ್ರ ಬರಲಿಲ್ಲ.

ಬರದೇ ಇರುವುದಕ್ಕೆ ಕಾರಣವೇನೂ ಕಾಣುತ್ತಿರಲಿಲ್ಲ. ಹಿಪ್ಪುನೇರಳೆ ತೋಟದ ಬದಿಯಲ್ಲಿ ಕೃಷ್ಣಪ್ಪನನ್ನು ಮಣ್ಣು ಮಾಡಿದ ಗುಡ್ಡೆಗೆ ನೀರು ಚಿಮುಕಿಸಿ, ಹೂವು ಏರಿಸಿ, ಊದುಬತ್ತಿ ಹಚ್ಚಿ, ಮುಂದೆ ಬಾಳೆ ಎಲೆ ಹಾಸಿ ಎಡೆ ಇಟ್ಟಿದ್ದರು. ಬದುಕಿದ್ದಾಗ ಅವನು ಏನೇನು ಇಷ್ಟಪಡುತ್ತಿದ್ದನೋ ಅದೆಲ್ಲ ಎಲೆಯ ಮೇಲಿತ್ತು. ಮುದ್ದೆ, ಬಾಡಿನ ಸಾರು, ಹುರಿದ ತಲೆಮಾಂಸ, ಕಜ್ಜಾಯ, ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರ್ ಬ್ರಾಂದಿ. ಪಕ್ಕದ ಹೊಂಗೆ ಮರದಲ್ಲಿ ಕಾಗೆಗಳಿಗೂ ಬರವಿರಲಿಲ್ಲ. ಕೊಂಬೆಯ ಮೇಲೆ ಸಾಲಾಗಿ ಕೂತು ಎಡೆಯನ್ನು ನೋಡುತ್ತಿದ್ದವು, ಅಷ್ಟೇ.

ಕಾಗೆ ಮುಟ್ಟುವ ತನಕ ಯಾರೂ ಉಣ್ಣುವ ಹಾಗಿಲ್ಲ. ಸತ್ತವನು ಕಾಗೆಯಾಗಿ ಬಂದು ಒಂದು ತುತ್ತು ತಿಂದರೆ ಅವನಿಗೆ ಸಮಾಧಾನವಾಯಿತೆಂದು ಲೆಕ್ಕ. ಶಾಮಿಯಾನದ ಕೆಳಗೆ ಚನ್ನಪಟ್ಟಣದಿಂದ, ಸೋಲೂರಿನಿಂದ, ಕನಕಪುರದ ಆಚೆಯಿಂದ ಬೆಳಿಗ್ಗೆಯೇ ಹೊರಟು ಬಂದ ಜನ ಕೊಪ್ಪರಿಗೆಯ ಕಡೆ ನೋಡುವುದು, ಯಾರಾದರೂ ಕಂಡಾರೆಂದು ಮುಖ ತಿರುಗಿಸಿ ದುಃಖದಲ್ಲಿರುವುದು, ಮತ್ತೆ ನೋಡುವುದು, ಹೀಗೆ ಮಾಡುತ್ತಿದ್ದರು.

"ಏನೋ ಕೊರತೆ ಐತೆ," ಎಂದರು ದೊಡ್ಡಹನುಮಯ್ಯ. ಅವರು ಆ ಮನೆತನದ ಹಿರಿಯರು, ಕೃಷ್ಣಪ್ಪನಿಗೆ ದೊಡ್ಡಪ್ಪ. ಎಡೆ ಇಡಿಸುವುದು, ಕಾಗೆ ಕರೆಯುವುದು ಎಲ್ಲ ಅವರದೇ. ಕಾ ಕಾ ಎಂದು ಕರೆದು ಕರೆದು ಅವರ ಗಂಟಲೂ ಕಾಗೆಯ ಗಂಟಲಾಗಿತ್ತು. "ಮನಸಲ್ಲಿ ಏನೋ ಇಟ್ಕಂಡು ಹೋಗವ್ನೆ ನನ್ ಮಗ."

"ಕೊರತೆ ಏನ್ ಬಂತು, ಮುದ್ದೆ ಸಣ್ಣದಾಯ್ತು," ಎಂದಳು ಕೃಷ್ಣಪ್ಪನ ತಂಗಿ ಮಾರಕ್ಕ. "ನಮ್ಮಣ್ಣ ಅಷ್ಟು ಗಾತ್ರದ ಮುದ್ದೇನ ಬಾಯಿ ಮುಕ್ಕಳಿಸೋಕೆ ತಿಂತಿದ್ದ."

ಮುದ್ದೆ ಬದಲಾಯಿತು. ಕಾಗೆ ಬರಲಿಲ್ಲ.

"ಲೇ ಲೋಕೇಶ, ಬಾಟ್ಲಿ ಮುಚ್ಚಳ ತೆಗೀದೆ ಮಡಗಿದ್ದೀಯಲ್ಲ, ಕಾಗೆ ಹೆಂಗ್ಲಾ ಕುಡೀತದೆ?" ಎಂದರು ದೊಡ್ಡಹನುಮಯ್ಯ. ಕೃಷ್ಣಪ್ಪನ ಮಗ ಲೋಕೇಶ ಮುಚ್ಚಳ ತಿರುಗಿಸಿ, ಬ್ರಾಂದಿಯನ್ನು ಲೋಟಕ್ಕೆ ಬಗ್ಗಿಸಿ, ಒಸಿ ನೀರನ್ನೂ ಬೆರೆಸಿದ. ಶಾಮಿಯಾನದ ಕಡೆಯಿಂದ ಕೆಲವರು ಅದನ್ನು ಬಹಳ ಗೌರವದಿಂದ ನೋಡಿದರು. ಕಾಗೆ ನೋಡಲಿಲ್ಲ.

ಇಷ್ಟು ಹೊತ್ತೂ ಯೋಗಾನಂದ ಹೊಂಗೆ ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಅವನು ನೆಂಟನಲ್ಲ, ಕೃಷ್ಣಪ್ಪನ ಸ್ನೇಹಿತ. ರಾಮನಗರದ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲಿನ ಕವರು, ಚಾರ್ಜರು ಮಾರುತ್ತಾನೆ. ಹಿಂದೆ ಅದೇ ಅಂಗಡಿಯಲ್ಲಿ ಕ್ಯಾಸೆಟ್ ತುಂಬಿಕೊಡುತ್ತಿದ್ದ. ಜನ ತಮಗೆ ಬೇಕಾದ ಹಾಡು ಹೇಳಿ ಹೋಗುವುದು, ಇವನು ಖಾಲಿ ಕ್ಯಾಸೆಟ್ಟಿಗೆ ಅವನ್ನು ಒಂದೊಂದಾಗಿ ಇಳಿಸಿ ಕೊಡುವುದು. ಆ ಕೆಲಸದಲ್ಲಿ ಅವನಿಗೆ ಸರಿಸಾಟಿ ಚನ್ನಪಟ್ಟಣದಲ್ಲಾಗಲಿ ಮಾಗಡಿಯಲ್ಲಾಗಲಿ ಇರಲಿಲ್ಲ ಎಂಬುದು ಅವನ ಅಭಿಪ್ರಾಯ. ಬೇರೆ ಯಾರೂ ಆ ವಿಷಯದಲ್ಲಿ ಅಭಿಪ್ರಾಯ ಇಟ್ಟುಕೊಂಡಿರಲಿಲ್ಲ, ಕೃಷ್ಣಪ್ಪನೊಬ್ಬನ ಹೊರತು.

ಇನ್ನೇನು ಕೊರತೆಯೋ ನೋಡೋಣವೆಂದು ಯೋಗಾನಂದ ಎದ್ದು ಎಲೆಯ ಹತ್ತಿರ ಬಂದ. ಬೀಡಿ ಕಟ್ಟಿನ ಪಕ್ಕ, ಕಜ್ಜಾಯಕ್ಕೆ ಒರಗಿಸಿ ನಿಲ್ಲಿಸಿದ್ದ ಒಂದು ಕ್ಯಾಸೆಟ್ಟನ್ನು ಕಂಡ. ಮಿರಿಮಿರಿ ಮಿಂಚುವ ಜಿಲೇಟಿನ್ ಹಾಳೆ ಸುತ್ತಿದ ಕ್ಯಾಸೆಟ್ಟು. ಅದನ್ನು ಸುತ್ತಿದ್ದು ಅವನ ಕೈಯೇ.

"ಇದ್ಯಾರು ಮಡಗಿದ್ದು?" ಎಂದ.

"ನಾನೇ ಕಣ್ ಯೋಗಣ್ಣ," ಎಂದಳು ಕೃಷ್ಣಪ್ಪನ ಹೆಂಡತಿ ಮಾಯಮ್ಮ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. "ಅವರಿಗೆ ಹಾಡು ಅಂದ್ರೆ ಜೀವ ಅಲ್ವಾ. ಅದ್ರಲ್ಲೂ ನೀವು ಕೊಟ್ಟಿದ್ದು. ಪೇಪರ್ ಕೂಡ ಬಿಚ್ಚದಂಗೆ ಬೀರೂನಲ್ಲಿ ಮಡಗಿದ್ರು ನೋಡಿ, ಅಷ್ಟು ಜ್ವಾಪಾನ."

ಯೋಗಾನಂದನಿಗೆ ಯಾರೋ ತಣ್ಣೀರು ಎರಚಿದ ಹಾಗಾಯಿತು.

ಆ ಕ್ಯಾಸೆಟ್ಟಿನ ಹಿಂದೆ ಒಂದು ಜಗಳವಿತ್ತು, ಜಗಳಕ್ಕೆ ಅವರಿಬ್ಬರ ವಯಸ್ಸಿನಷ್ಟಲ್ಲದಿದ್ದರೂ ಅವರ ಮೀಸೆಯಷ್ಟು ವಯಸ್ಸಾಗಿತ್ತು. ಕಾಲೇಜಿನ ದಿನಗಳಲ್ಲಿ ಇಬ್ಬರೂ ಒಂದೇ ರೇಡಿಯೋಗೆ ಕಿವಿ ಕೊಟ್ಟು, ಭಾನುವಾರ ಮಧ್ಯಾಹ್ನ ಬರುತ್ತಿದ್ದ ಇಂಗ್ಲಿಷ್ ಪಾಪ್ ಹಾಡು, ರಾಕ್ ಹಾಡುಗಳನ್ನು ಕೇಳುತ್ತಿದ್ದರು. ಮಾತು ಇಬ್ಬರಿಗೂ ತಿಳಿಯುತ್ತಿರಲಿಲ್ಲ, ಹಾಗಾಗಿ ಜಗಳವಾಡುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಯೋಗಾನಂದ ನಾರ್ತ್ ಪಿಯರ್ ಎನ್ನುವ ಬ್ಯಾಂಡಿನ ಕಡೆ. ಒಂದೊಂದು ಹಾಡೂ ಊರು ಸುತ್ತಿಕೊಂಡು ಬರುವ ಮೆರವಣಿಗೆಯಷ್ಟು ಉದ್ದ. ಕೃಷ್ಣಪ್ಪ ಟಿನ್ ಲ್ಯಾಂಟರ್ನ್ಸ್ ಕಡೆ. ಆ ಪುಣ್ಯಾತ್ಮರು ಮೂರು ಸಿಂಗಲ್ ಹೊರತಂದು, ತಮ್ಮತಮ್ಮಲ್ಲೇ ಹೊಡೆದಾಡಿಕೊಂಡು ಚೆದುರಿಹೋಗಿದ್ದರು. ಸಿಂಗಲ್ ಅಂದರೆ ಹಿಂದೊಂದು ಮುಂದೊಂದು, ಎರಡೇ ಹಾಡು ಇರುವ ಅಂಗೈಯಗಲದ ಪ್ಲೇಟು. ಬೆಂಗಳೂರಿನ ಫುಟ್‌ಪಾತುಗಳಲ್ಲಿ ಹುಡುಕಿ ಹುಡುಕಿ ಕೃಷ್ಣಪ್ಪ ಆ ಮೂರನ್ನೂ ತಂದಿದ್ದ.

"ಮೈಸೂರು ಅಂತ ಬೋರ್ಡ್ ಹಾಕ್ಕಂಡು ಇಲ್ಲೇ ಕೆಂಗಲ್‌ಗೇ ನಿಂತ್ಕಂಬುಟ್ಟ ಬಸ್ ಇದ್ದಂಗೆ ನಿನ್ ಬ್ಯಾಂಡು," ಎನ್ನುತ್ತಿದ್ದ ಯೋಗಾನಂದ.

"ಕೆಂಗಲ್‌ಗೆ ಹೋಗೋನಿಗೆ ಮೈಸೂರು ಯಾಕ್ಲಾ?" ಎನ್ನುತ್ತಿದ್ದ ಕೃಷ್ಣಪ್ಪ. "ಒಂದು ಹಾಡಲ್ಲಿ ಹೇಳೋಕ್ ಆಗದೋನು ಹತ್ತು ಹಾಡಲ್ಲಿ ಏನ್ ಕಿಸೀತಾನೆ?"

ಅವನಿಗೆ ಅತ್ಯಂತ ಪ್ರೀತಿಯ ಸಿಂಗಲ್ಲು 'ವೆಟ್ ಮ್ಯಾಚ್‌ಬಾಕ್ಸ್'. ಅದನ್ನು ರೇಷ್ಮೆ ಹುಳುವಿನ ಮನೆಯಲ್ಲಿ ಹಾಕುತ್ತಿದ್ದ. ನಾಲ್ಕನೇ ಜ್ವರ ಎದ್ದ, ಅಂದರೆ ಕೊನೇ ಸಲ ಪೊರೆ ಕಳಚಿದ ಹುಳುಗಳು ಸೊಪ್ಪು ಮೇಯುವಾಗ ಹೆಂಚಿನ ಮೇಲೆ ಸೋನೆ ಬಿದ್ದ ಹಾಗೆ ಸದ್ದಾಗುತ್ತದಲ್ಲ, ಆ ಸದ್ದಿಗೆ ಹೊಂದುವ ಡ್ರಮ್ಮು ಪ್ರಪಂಚದಲ್ಲಿ ಇದೊಂದೇ ಎಂದು ಅವನ ವಾದ. ಆ ಡ್ರಮ್ಮಿನವನು ಒಂದು ಏಟು ತಡವಾಗಿ ಹೊಡೆಯುತ್ತಾನೆಂದು ಯೋಗಾನಂದನ ವಾದ.

ಇನ್ನು ಯೋಗಾನಂದನ ಕಸುಬಾದ ಕಲೆಕ್ಷನ್ ಕ್ಯಾಸೆಟ್ಟಿನ ಮೇಲಂತೂ ಕೃಷ್ಣಪ್ಪನಿಗೆ ಕಡುಕೋಪ. "ಒಂದೊಂದು ಹಾಡ್ನೂ ಅದರ ಮನೆಯಿಂದ ಎಳ್ಕಂಡ್ ಬಂದು ಸಂತೇಲಿ ಮೇಕೆ ಕಟ್ಟಿದಂಗೆ ಸಾಲಾಗಿ ಕಟ್ಟಾಕ್ತೀಯ," ಎಂದು ಬಯ್ಯುತ್ತಿದ್ದ. ಯೋಗಾನಂದ ಅದನ್ನು ಊಟದ ಪಂಕ್ತಿಗೆ ಹೋಲಿಸುತ್ತಿದ್ದ. ಯಾರ ಪಕ್ಕ ಯಾರು ಕೂರಬೇಕೆಂದು ತಿಳಿದಿರಬೇಕು. ಇಬ್ಬರು ಗಟ್ಟಿ ಗಂಟಲಿನವರನ್ನು ಒಟ್ಟಿಗೆ ಕೂರಿಸಬಾರದು. ಅಳುವವನ ಪಕ್ಕ ಅಳುವವನು ಬೇಡ. ಮೊದಲ ಮಗ್ಗುಲಿನ ಕೊನೇ ಹಾಡು ಹೇಗಿರಬೇಕೆಂದರೆ, ಮಂಚದಲ್ಲಿ ಮಲಗಿದ್ದವನೂ ಎದ್ದು ಬಂದು ಕ್ಯಾಸೆಟ್ಟು ಮಗುಚಿ ಹಾಕಬೇಕು.

ಕ್ಯಾಸೆಟ್ಟಿನ ಕಾಲ ಮುಗಿದು ಅಂಗಡಿ ಬದಲಾಯಿಸಬೇಕಾಗಿ ಬಂದಾಗ ಅವನು ಕೊನೆಯದಾಗಿ ಒಂದು ಕಲೆಕ್ಷನ್ ತುಂಬಿದ. ಹಾಡು ಆರಿಸುವುದಕ್ಕೇ ಒಂದು ಮಳೆಗಾಲ ಹಿಡಿಯಿತು. ಅದರಲ್ಲಿ ಮೊದಲನೆಯ ಹಾಡಾಗಿ, ಯಾರೂ ಬಲವಂತ ಮಾಡದೆ, ತಾನಾಗಿಯೇ, 'ವೆಟ್ ಮ್ಯಾಚ್‌ಬಾಕ್ಸ್' ಹಾಕಿದ. ಮೊದಲನೇ ಜಾಗ ಅಂದರೆ ಪಂಕ್ತಿಯ ತುದಿ, ಎಲ್ಲರಿಗಿಂತ ಮೊದಲು ಬಡಿಸುವ ಎಲೆ. ಬಾಯಲ್ಲಿ ಹೇಳಲಾಗದ್ದನ್ನು ಹೀಗೆ ಹೇಳಿ, ಜಿಲೇಟಿನ್ ಹಾಳೆ ಸುತ್ತಿ, ಕೃಷ್ಣಪ್ಪನ ಮಗಳ ಮದುವೆಯಲ್ಲಿ ಅವನ ಕೈಗಿಟ್ಟಿದ್ದ.

ಕೃಷ್ಣಪ್ಪ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆ ಮದುವೆಯ ಮಗಳಿಗೆ ಮಕ್ಕಳಾಗಿ ಅವೂ ಕಾಲೇಜು ಮೆಟ್ಟಿಲು ಹತ್ತಿದವು, ಆಗಲೂ ಆಡಲಿಲ್ಲ. ಯೋಗಾನಂದನೂ ವಿಚಾರಿಸಲಿಲ್ಲ. ಹಾಡು ಕೇಳಿಸಿಕೊಂಡೂ ಸುಮ್ಮನಿದ್ದಾನೆ, ನನ್ನ ಸೋಲನ್ನು ಜೇಬಿಗೆ ಹಾಕಿಕೊಂಡು ಗತ್ತು ಮಾಡುತ್ತಿದ್ದಾನೆ ಎಂದು ಒಳಗೊಳಗೇ ಉರಿದುಕೊಂಡಿದ್ದ. ಈಗ ನೋಡಿದರೆ ಆಸಾಮಿ ಬಿಚ್ಚಿಯೇ ಇಲ್ಲ.

ಕಾಗೆ ಯಾಕೆ ಬರುತ್ತಿಲ್ಲವೆಂದು ಅಷ್ಟು ಜನರಲ್ಲಿ ಯೋಗಾನಂದನೊಬ್ಬನಿಗೆ ಗೊತ್ತಾಗಿತ್ತು. ಕೃಷ್ಣಪ್ಪನ ಎಲೆಯ ಮೇಲೆ ಕಲೆಕ್ಷನ್ ಕ್ಯಾಸೆಟ್ ಇಟ್ಟಿದ್ದಾರೆ. ಹಾಗಲಕಾಯಿ ಇಟ್ಟಿದ್ದರೂ ಅವನು ಅತ್ತ ಸರಿಸಿ ಉಣ್ಣುತ್ತಿದ್ದ, ಇದಿದ್ದರೆ ಎಲೆ ಮುಟ್ಟುವವನಲ್ಲ. ಆದರೆ ಅದನ್ನು ಎತ್ತಿಡಬೇಕಾದರೆ, ಇದು ಅವನ ಪ್ರೀತಿಯದಲ್ಲ, ಅವನಿಗೆ ಕಂಡರಾಗದ್ದು, ಅದಕ್ಕೇ ಬಿಚ್ಚಿಲ್ಲ ಎಂದು ಮಾಯಮ್ಮನ ಎದುರು, ನೆಂಟರೆಲ್ಲರ ಎದುರು ತಾನೇ ಹೇಳಬೇಕು. ಹೇಳದಿದ್ದರೆ ಸ್ನೇಹಿತ ಹಸಿದುಕೊಂಡೇ ಹೋಗುತ್ತಾನೆ.

"ಮಾಯಕ್ಕ," ಎಂದ ಯೋಗಾನಂದ, "ಇದು ಜ್ವಾಪಾನ ಅಲ್ಲ. ಅವನಿಗೆ ಇಂಥವು ಆಗ್ತಿರಲಿಲ್ಲ."

"ಯಾಕೆ, ಹಾಡಲ್ವಾ ಇದು?"

"ಹಾಡೇ. ನಾನು ಕಟ್ಟಿದ ಮೇಕೆ."

ಮಾಯಮ್ಮನಿಗೆ ಅರ್ಥವಾಗಲಿಲ್ಲ. ಯೋಗಾನಂದ ಕ್ಯಾಸೆಟ್ಟನ್ನು ಎಲೆಯಿಂದ ತೆಗೆದು ಗುಡ್ಡೆಯ ಅಂಚಿನ ಕಲ್ಲಿನ ಮೇಲಿಟ್ಟ. "ಲೋಕೇಶ, ನಿಮ್ಮಪ್ಪನ ಪ್ಲೇಟ್ ಹಾಕೋ ಪೆಟ್ಟಿಗೆ ತತ್ತಾ. ಜೊತೆಗೆ ಕೆಂಪು ಲಾಟೀನಿನ ಚಿತ್ರ ಇರೋ ಚಿಕ್ಕ ಪ್ಲೇಟು."

ಶಾಮಿಯಾನದವರ ಜನರೇಟರಿಗೆ ವೈರು ಎಳೆದು ಪೆಟ್ಟಿಗೆ ಹೂಡಿದರು. ಯೋಗಾನಂದ ಪ್ಲೇಟನ್ನು ಅಂಗಿಯ ತುದಿಯಿಂದ ಒರೆಸಿ, ಮುಳ್ಳು ಇಟ್ಟ. 'ವೆಟ್ ಮ್ಯಾಚ್‌ಬಾಕ್ಸ್' ಶುರುವಾಯಿತು. ಗಿಟಾರು ಕೀಯೆಂದಿತು. ಮಾರಕ್ಕ ಕಿವಿ ಮುಚ್ಚಿಕೊಂಡಳು. ಒಂದು ಕಾಗೆ ಕೆಳಗಿನ ಕೊಂಬೆಗೆ ಇಳಿಯಿತು. ಇಡೀ ಶಾಮಿಯಾನ ಉಸಿರು ಬಿಗಿಹಿಡಿಯಿತು. ಅಷ್ಟರಲ್ಲಿ ಡ್ರಮ್ಮು ಬಂತು, ಎಂದಿನ ಹಾಗೆ ಒಂದು ಏಟು ತಡವಾಗಿ, ಕಾಗೆ ಬೆಚ್ಚಿ ಮೇಲಕ್ಕೆ ಹಾರಿತು.

"ನೋಡಿದ್ರಾ," ಎಂದುಬಿಟ್ಟ ಯೋಗಾನಂದ. "ಟೈಮಿಗೆ ಸರಿಯಾಗಿ ಹೊಡೆದಿದ್ರೆ ಕಾಗೆ ಹೆದರ್ತಿತ್ತಾ?"

ದೊಡ್ಡಹನುಮಯ್ಯ ಅವನ ಮುಖವನ್ನೇ ನೋಡಿದರು. ಅವರು ಊರಿನ ಎಷ್ಟೋ ಪಂಚಾಯಿತಿ ಕಂಡವರು.

"ಲೇ ಯೋಗಾ, ನಿಂಗೂ ಅವನಿಗೂ ಏನ್ಲಾ ವ್ಯಾಜ್ಯ?"

"ವ್ಯಾಜ್ಯ ಏನಿಲ್ಲ ದೊಡ್ಡಪ್ಪ. ಡ್ರಮ್ಮು."

"ಯಾರದು?"

"ಲಂಡನ್ ಕಡೆಯೋನದು. ತಡವಾಗಿ ಹೊಡೀತಾನೆ ಅಂತ ನಾನು. ತಡ ಅಲ್ಲ, ಬೇಕಂತ್ಲೇ ಕಾಯ್ತಾನೆ ಅಂತ ಇವನು."

"ಎಷ್ಟು ದಿವ್ಸದಿಂದ?"

"ಪಿಯುಸಿಯಿಂದ."

ದೊಡ್ಡಹನುಮಯ್ಯ ತಲೆಯ ಮೇಲಿನ ಟವಲು ತೆಗೆದು, ಕೊಡವಿ, ಮತ್ತೆ ಹಾಕಿಕೊಂಡರು. "ಇದೇ ಕಣ್ಲಾ ಕೊರತೆ. ಒಪ್ಕಂಡ್ಬುಡು."

"ಏನು ಒಪ್ಕಳದು?"

"ಅವನು ಹೇಳಿದ್ದೇ ಸರಿ ಅಂತ. ಜಮೀನು ಬಿಟ್ಕೊಡು ಅಂತಿದ್ದೀನಾ? ಡ್ರಮ್ಮು ತಾನೆ?"

"ತಡವಾಗಿ ಹೊಡೆಯೋದನ್ನ ಸರಿ ಅಂತ ಹೆಂಗೆ ಹೇಳಲಿ ದೊಡ್ಡಪ್ಪ?"

"ಅವನು ತಡವಾಗಿ ಹೊಡೆದ್ರೆ ನಮ್ಮ ಊಟ ಯಾಕೆ ತಡ ಆಗ್ಬೇಕು?" ಎಂದು ಶಾಮಿಯಾನದ ಕಡೆಯಿಂದ ಒಂದು ದನಿ ಬಂತು. "ಒಪ್ಕೊಳ್ಳಪ್ಪ, ಸೋಲೂರಿಗೆ ಬಸ್ಸು ಹೋಯ್ತದೆ," ಎಂದಿತು ಇನ್ನೊಂದು. "ಲಂಡನ್ನವನು ಏನು ಇವನಿಗೆ ಬೀಗನಾ?" ಎಂದಳು ಮಾರಕ್ಕ. ಮಾಯಮ್ಮ ಬಿಸಿಲಿಗೆ ಒಣಗುತ್ತಿದ್ದ ಎಡೆಯ ಮೇಲೆ ಒಂದು ಸೌಟು ಬಿಸಿ ಸಾರು ಹಾಕಿ ಯೋಗಾನಂದನ ಕಡೆ ನೋಡಿದಳು. ಆ ನೋಟಕ್ಕೆ ಯೋಗಾನಂದ ಕರಗಿದ.

ಗುಡ್ಡೆಯ ಎದುರು ಕೈ ಕಟ್ಟಿಕೊಂಡು ನಿಂತ. ಶಾಲೆಯಲ್ಲಿ ಮೇಷ್ಟರು ಹೇಳಿಸಿದ್ದನ್ನು ಒಪ್ಪಿಸುವವನ ಹಾಗೆ, "ಕಿಟ್ಟಿ, ನೀನು ಹೇಳಿದ್ದೇ ಸರಿ. ಡ್ರಮ್ಮು ಸರಿಯಾಗೈತೆ. ಬಂದು ಉಣ್ಣು," ಎಂದ.

ಕಾಗೆಗಳು ಕೊಂಬೆಯ ಮೇಲೆ ಪಕ್ಕಕ್ಕೆ ಸರಿದು ಕೂತವು. ಒಂದಂತೂ ಬೆನ್ನು ತಿರುಗಿಸಿತು.

"ಬಾಯಿ ಮಾತಿಗೆ ಅಂದೆ, ಅದಕ್ಕೇ," ಎಂದರು ದೊಡ್ಡಹನುಮಯ್ಯ. "ಒಸಿ ಭಕ್ತಿಯಿಂದ ಹೇಳ್ಲಾ."

ಯೋಗಾನಂದ ಇನ್ನೊಮ್ಮೆ ಭಕ್ತಿಯಿಂದ ಹೇಳಿದ. ಮತ್ತೊಮ್ಮೆ ಕಣ್ಣು ಮುಚ್ಚಿ ಹೇಳಿದ. ಸಿಂಗಲ್ಲೇ ದೊಡ್ಡದು, ಕಲೆಕ್ಷನ್ ಕ್ಯಾಸೆಟ್ಟು ಮೇಕೆ ಸಂತೆ ಎಂದೂ ಹೇಳಿದ. ಇಷ್ಟು ವರ್ಷ ಸಾಕಿಕೊಂಡು ಬಂದ ಮಾತನ್ನೆಲ್ಲ ಒಂದೊಂದಾಗಿ ಮಾರಿಕೊಂಡ. ಕಾಗೆ ಮಾತ್ರ ಕದಲಲಿಲ್ಲ. ಆಗ ಅವನಿಗೆ ರೇಗಿತು. ಆ ಬೆನ್ನು ತಿರುಗಿಸಿದ ಕಾಗೆಯ ಭಂಗಿ ಇತ್ತಲ್ಲ, ಅದು ತದ್ರೂಪ ಕೃಷ್ಣಪ್ಪನದೇ. ವಾದದಲ್ಲಿ ಇವನು ಒಂದು ಅಂಗುಲ ಬಿಟ್ಟುಕೊಟ್ಟರೂ ಅವನು ಹಾಗೆಯೇ ಮುಖ ತಿರುಗಿಸಿ ಬೀಡಿ ಹಚ್ಚುತ್ತಿದ್ದ.

"ಏನ್ಲಾ ನಿನ್ ಗಾಂಚಾಲಿ?" ಎಂದ ಯೋಗಾನಂದ. ಕಟ್ಟಿದ ಕೈ ಬಿಚ್ಚಿತು. "ಇಷ್ಟು ಜನರ ಮುಂದೆ ಸುಳ್ಳು ಹೇಳಿದ್ದೀನಿ, ಸಾಲ್ದಾ? ತಡ ಕಣ್ಲಾ ಅವನು, ತಡ. ಕಾಯ್ತಾನಂತೆ, ಯಾರಿಗ್ ಕಾಯ್ತಾನೆ, ಅವರಜ್ಜಿಗಾ? ಮಿಕ್ಕ ಮೂವರು ಹಾಡು ಮುಗಿಸಿ ಟೀ ಕುಡಿಯೋಕೆ ಹೊರಟಿದ್ರೂ ಅವನಿನ್ನೂ ಹೊಡೀತಿರ್ತಾನೆ. ನಿನ್ ಹುಳಕ್ಕೆ ಹೊಂದ್ತದೆ ಅಂತೀಯ. ಹುಳಕ್ಕೆ ಏನ್ಲಾ ಗೊತ್ತು, ಅದು ಸೊಪ್ಪು ನೋಡ್ತದೋ ನಿನ್ ಡ್ರಮ್ಮು ಕೇಳ್ತದೋ? ಮೂರು ಸಿಂಗಲ್ ಮಾಡಿ ಓಡೋಗೋರ್ನ ಬ್ಯಾಂಡ್ ಅಂತಾರಾ? ಅವರು ಬ್ಯಾಂಡ್ ಆದ್ರೆ ಕೈಲಾಂಚದ ಬಸ್ ಸ್ಟಾಪಲ್ಲಿ ನಿಂತೋರೂ ಬ್ಯಾಂಡೇ. ನನ್ ನಾರ್ತ್ ಪಿಯರ್ನ ಒಂದ್ ದಿವ್ಸ ಪೂರ್ತಿ ಕೇಳಿದ್ಯಾ ನೀನು? ಅರ್ಧಕ್ಕೆ ನಿದ್ದೆ ಹೊಡ್ದು, ಎದ್ದು, ಇನ್ನೂ ಅದೇ ಹಾಡಾ ಅಂತ ಕೇಳ್ದೆ. ಅದು ಬೇರೆ ಹಾಡು ಕಣೋ ಮೂದೇವಿ. ಕ್ಯಾಸೆಟ್ಟು ಕೊಟ್ರೆ ಪೇಪರ್ ಬಿಚ್ಚೋಕೂ ನಿಂಗೆ ಸೊಕ್ಕು. ಬಿಚ್ಚಿದ್ರೆ ನಿನ್ ಗಂಟೇನ್ ಹೋಗ್ತಿತ್ತು? ಒಂದ್ಸಲ ಬಿಚ್ಚಿದ್ರೆ ಗೊತ್ತಾಗ್ತಿತ್ತು..."

"ಶ್," ಎಂದರು ದೊಡ್ಡಹನುಮಯ್ಯ.

ಬೆನ್ನು ತಿರುಗಿಸಿದ್ದ ಕಾಗೆಯೇ ಬಂದಿತ್ತು. ಯಾವಾಗ ಇಳಿಯಿತೋ, ಎಲೆಯ ಮುಂದೆ ಕತ್ತು ಓರೆ ಮಾಡಿಕೊಂಡು ನಿಂತು ಯೋಗಾನಂದನನ್ನು ನೋಡುತ್ತಿತ್ತು. ಅವನು ಮಾತು ನಿಲ್ಲಿಸಿದ. ಕಾಗೆ ಒಂದು ಹೆಜ್ಜೆ ಹಿಂದೆ ಹೋಯಿತು.

"ನಿಲ್ಲಿಸ್ಬೇಡ ಕಣ್ಲಾ, ಬಯ್ಯಿ," ಎಂದು ದೊಡ್ಡಹನುಮಯ್ಯ ಪಿಸುಗುಟ್ಟಿದರು.

"ಕೆಂಗಲ್‌ಗೆ ನಿಂತೋಗೋ ಬಸ್ಸು ನಿಂದು," ಎಂದ ಯೋಗಾನಂದ. ಅವನ ದನಿ ಯಾಕೋ ಒಡೆದಿತ್ತು. "ಮುಂದಕ್ ಹೋಗೋದೇ ಇಲ್ಲ ಅದು."

ಕಾಗೆ ತಲೆಮಾಂಸದ ದೊಡ್ಡ ತುಂಡಿಗೇ ಬಾಯಿ ಹಾಕಿತು. ಮಾರಕ್ಕ "ನಮ್ಮಣ್ಣ" ಎಂದು ಅತ್ತಳು. ಶಾಮಿಯಾನದ ಕೆಳಗೆ ಎಲೆ ಹಾಸುವ ಸದ್ದು ಕೇಳಿತು, ಅಳುವಿಗಿಂತ ಒಸಿ ಮೊದಲೇ.

ಕಾಗೆ ತಿಂದಿತು, ಬ್ರಾಂದಿಯ ಲೋಟದೊಳಗೆ ಇಣುಕಿತು, ಬೀಡಿ ಕಟ್ಟನ್ನು ಒಂದು ಸಲ ಕುಕ್ಕಿ ಬಿಟ್ಟಿತು. ಆಮೇಲೆ ಕುಪ್ಪಳಿಸಿಕೊಂಡು ಗುಡ್ಡೆಯ ಅಂಚಿಗೆ ಹೋಯಿತು. ಅಲ್ಲಿ ಕಲ್ಲಿನ ಮೇಲೆ ಬಿಸಿಲಿಗೆ ಮಿರುಗುತ್ತಿದ್ದ ಕ್ಯಾಸೆಟ್ಟನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿತು. ಕೊಕ್ಕು ಹಾಕಿ ಜಿಲೇಟಿನ್ ಹಾಳೆಯ ತುದಿ ಎಳೆಯಿತು. ಅದು ಪರ್ರೆಂದು ಹರಿಯಿತು. ಕಾಲಲ್ಲಿ ಕ್ಯಾಸೆಟ್ಟು ಅದುಮಿಕೊಂಡು, ಇನ್ನೊಂದು ಸಲ ಎಳೆದು, ಹಾಳೆಯನ್ನು ಪೂರ್ತಿ ಬಿಡಿಸಿಕೊಂಡು, ಮಿರಿಮಿರಿ ಮಿಂಚಿಸುತ್ತ ಹೊಂಗೆ ಮರದ ಮೇಲಿಂದ ಹಾರಿಹೋಯಿತು.

ಎಲೆ ಹಾಸುತ್ತಿದ್ದವರೂ ನಿಂತರು.

"ಬಿಚ್ಚಿದ," ಎಂದ ಯೋಗಾನಂದ.

"ಬಿಚ್ಚಿದ ಮೇಲೆ ಕೇಳ್ಬೇಕಲ್ಲ," ಎಂದಳು ಮಾಯಮ್ಮ. "ಲೋಕೇಶ, ನಮ್ಮ ಹಳೇ ಟ್ರ್ಯಾಕ್ಟರಿನ ಟೇಪು ಹಾಡ್ತದಾ?"

"ಹಾಡ್ತದೆ ಕಣವ್ವ. ಒಂದೊಂದ್ಸಲ ನುಂಗ್ತದೆ."

ಟ್ರ್ಯಾಕ್ಟರು ಶಾಮಿಯಾನದ ಪಕ್ಕವೇ ನಿಂತಿತ್ತು, ಕೊಪ್ಪರಿಗೆಗಳನ್ನು ಹೊತ್ತು ತಂದದ್ದು ಅದೇ. ಲೋಕೇಶ ಕ್ಯಾಸೆಟ್ಟು ತುರುಕಿ ಗುಂಡಿ ಒತ್ತಿದ. ಒಸಿ ಹೊತ್ತು ಬರೀ ಗೊರಗೊರ. ಪಂಕ್ತಿಯಲ್ಲಿ ಮುದ್ದೆ ಬಡಿಸುವುದು ಶುರುವಾಗಿತ್ತು. ಆಮೇಲೆ ಗಿಟಾರು ಕೀಯೆಂದಿತು, ಹಿಂದಿನಿಂದ ಡ್ರಮ್ಮು ಬಂತು, ಒಂದು ಏಟು ತಡವಾಗಿ.

ಮಾರಕ್ಕ ಬಾಯಿಗೆ ಹಾಕಬೇಕಿದ್ದ ತುತ್ತನ್ನು ಹಾಗೇ ಹಿಡಿದುಕೊಂಡು ಕಿವಿಗೊಟ್ಟಳು. "ಇದು ಆಗ್ಲೇ ಆ ಪ್ಲೇಟಲ್ಲಿ ಕಿರುಚ್ತಿದ್ದ ಹಾಡೇ ಅಲ್ವಾ?"

"ಅದೇ ಕಣಕ್ಕ."

"ನಮ್ಮಣ್ಣಂದು."

"ಹೂಂ. ನಿಮ್ಮಣ್ಣಂದೇ. ಮೊದಲನೇದು ಅದನ್ನೇ ಹಾಕಿದ್ದೆ."

"ಅಲ್ಲ ಕಣ್ ಯೋಗಣ್ಣ, ನೀನೇ ಮೊದ್ಲು ಅದನ್ನ ಹಾಕಿದ್ ಮೇಲೆ ಇಬ್ರೂ ಜೀವಮಾನವೆಲ್ಲ ಯಾಕೆ ಕಚ್ಚಾಡಿದ್ರಿ?"

ಯೋಗಾನಂದ ಎಲೆಯ ಮುಂದೆ ಕೂತು, ಪಕ್ಕದ ಜಾಗ ಖಾಲಿ ಇರಲೆಂದು ಟವಲು ಹಾಕಿ, ಮುದ್ದೆಗೆ ಗುಳಿ ಮಾಡಿ ಸಾರು ಬಿಟ್ಟುಕೊಂಡ.

"ತಡಿಯಕ್ಕ, ಎರಡನೇ ಹಾಡು ಬರಲಿ," ಎಂದ. "ಅದು ನಂದು, ನಾರ್ತ್ ಪಿಯರ್ದು. ನೋಡ್ತಿರು, ಆ ಕಾಗೆ ವಾಪಸ್ ಬತ್ತದೆ."